ಬಿಳಿ ಕಾಕಟೂ ಮರಿಗೆ ಅಡ್ವಾನ್ಸ್ ಹಾಕುವ ಮೊದಲು ಇದನ್ನೊಮ್ಮೆ ಓದಿ

ಕುಂಬಳೆ, ಉಪ್ಪಳ, ಕಾಸರಗೋಡು ಸೈಡಿನ ಪಕ್ಷಿ ಗ್ರೂಪುಗಳಲ್ಲಿ ಒಬ್ಬ ಅಂಬ್ರೆಲಾ ಕಾಕಟೂ (ಬಿಳಿ ಜುಟ್ಟಿನ ದೊಡ್ಡ ಗಿಳಿ ಜಾತಿ) ಮರಿ ಉಂಟು, ಹ್ಯಾಂಡ್ ಟೇಮ್, ಅಂದ್ರೆ ಕೈಗೆ ಪಳಗಿದ್ದು, ದಾಖಲೆ ಪೇಪರ್ ಆಮೇಲೆ ಕೊಡ್ತೇನೆ ಅಂತ ಫೋಟೋ ಹಾಕ್ತಾ ಇದ್ದಾನೆ. ದಯವಿಟ್ಟು ಹಣ ಕಳಿಸ್ಬೇಡಿ, ನನಗೆ ಆದದ್ದು ಸಾಕು.

ಮರಿ ಕಾಳು ಹಣ್ಣು ಎಲ್ಲ ತಾನೇ ತಿಂತದೆ ಅಂದಿದ್ದ. ರಾತ್ರಿ ಬಸ್ಸಲ್ಲಿ ಬಾಕ್ಸ್ ಬಂತು, ತೆಗ್ದು ನೋಡಿದ್ರೆ ಪುಕ್ಕವೇ ಸರಿ ಬಂದಿಲ್ಲ, ಕಾಳು ಮುಟ್ಟೂದೂ ಇಲ್ಲ, ಹಸಿವಲ್ಲಿ ತಲೆ ಆಡಿಸಿ ಕೂಗ್ತಾ ಉಂಟು. ಫೋನ್ ಮಾಡಿದ್ರೆ ಸಿರಿಂಜಲ್ಲಿ ಫಾರ್ಮುಲಾ (ಮರಿಗೆ ಕಲಸಿ ಕೊಡುವ ಪುಡಿ ಆಹಾರ) ಬಿಸಿಬಿಸಿ ಕೊಡಿ ಸಾರ್ ಅಂತಾನೆ. ಪುಣ್ಯಕ್ಕೆ ಮೊದಲು ಮಂಗಳೂರಿನ ಡಾಕ್ಟ್ರನ್ನು ಕೇಳಿದೆ. ಬಿಸಿ ಜಾಸ್ತಿ ಆದ್ರೆ ಕತ್ತಿನ ಬುಡದ ಆಹಾರ ಚೀಲವೇ ಸುಟ್ಟು ತೂತಾಗ್ತದಂತೆ, ತಣ್ಣಗಾದ್ರೆ ಅಲ್ಲೇ ನಿಂತು ಹುಳಿ ಬರ್ತದೆ, ದಾರಿ ತಪ್ಪಿದ್ರೆ ಶ್ವಾಸಕೋಶಕ್ಕೆ. ಇವನ ಮಾತು ಕೇಳಿದ್ರೆ ಮರಿ ಅವತ್ತೇ ಹೋಗ್ತಿತ್ತು.

ಪೇಪರ್ ಕೇಳಿದ್ದಕ್ಕೆ, ಕಾನೂನು ನಮ್ಮೂರ ಗಿಳಿಗೆ ಮಾತ್ರ, ಫಾರಿನ್ ಪಕ್ಷಿಗೆ ಎಂತದೂ ಇಲ್ಲ ಅಂದ. ಅದು ಹಳೇ ಕಥೆ ಮಾರಾಯ್ರೆ. ಇದು ಇಂಡೋನೇಷ್ಯಾದ ಹಲ್ಮಹೇರಾ ಕಡೆಯ ದ್ವೀಪಗಳ ಪಕ್ಷಿ, ಕಾಡು ಕಡಿದು, ಗೂಡಿಗೆ ಅಂತ ಹಿಡಿದು ಹಿಡಿದು ಈಗ ಅಳಿವಿನಂಚಿನ ಪಟ್ಟಿಯಲ್ಲಿ ಉಂಟು, ಸೈಟಿಸ್, ಅಂದ್ರೆ ಕಾಡುಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತಾರಾಷ್ಟ್ರೀಯ ಒಪ್ಪಂದ, ಅದರ ಲಿಸ್ಟಲ್ಲೂ ಉಂಟು. 2022ರ ವನ್ಯಜೀವಿ ಕಾಯ್ದೆ ತಿದ್ದುಪಡಿ, ಮತ್ತೆ 2024ರ ನಿಯಮ ಬಂದ್ಮೇಲೆ ಇಂಥದ್ದನ್ನು ಕೇಂದ್ರ ಪರಿಸರ ಇಲಾಖೆಯ ಪರಿವೇಶ್ ಪೋರ್ಟಲಲ್ಲಿ ರಿಜಿಸ್ಟರ್ ಮಾಡ್ಲೇಬೇಕು. ಅವನ ಹೆಸರಲ್ಲೇ ದಾಖಲೆ ಇಲ್ಲ, ಇನ್ನು ನಮ್ಮ ಹೆಸರಿಗೆ ಬರೂದು ಎಲ್ಲಿಂದ?

ಅವ ಬಾಯಿ ಬಿಡದ ವಿಷಯ ಇನ್ನೂ ಉಂಟು. ಇದರ ಮೈಯಿಂದ ಬಿಳಿ ಪೌಡರ್ ಉದುರ್ತಾ ಇರ್ತದೆ, ಟಿವಿ ಮೇಲೆ, ಚಾಪೆ ಮೇಲೆ, ಎಲ್ಲ ಕಡೆ. ಅಪ್ಪನಿಗೆ ಉಬ್ಬಸ ಜೋರಾಗಿ ಪಕ್ಷಿಯನ್ನು ಹಿಂದಿನ ಚಾವಡಿಗೆ ಹಾಕಬೇಕಾಯ್ತು. ಅಲ್ಲಿ ಒಂಟಿ ಆಯ್ತಲ್ಲ, ಸಂಜೆ ಬಾಂಗ್ ಕೊಡುವ ಹೊತ್ತಿಗೆ ಸರಿಯಾಗಿ ಕಿರುಚಲು ಶುರು, ಪಕ್ಕದ ಮನೆ ಇಚ್ಚ ಬಂದು ಎಂತ ಮಾರಾಯ ಇದು ಅಂತ ಕೇಳಿಯೂ ಆಯ್ತು. ಬುದ್ಧಿ ಉಂಟು, ಸುಳ್ಳಲ್ಲ, ಗೂಡಿನ ಚಿಲಕ ತಾನೇ ತೆಗೀತದೆ. ಅಷ್ಟು ಬುದ್ಧಿ ಇರುವ ಪಕ್ಷಿಗೆ ಜನ ಬೇಕು, ಕೆಲಸ ಬೇಕು, ಇಲ್ದಿದ್ರೆ ತನ್ನ ಪುಕ್ಕ ತಾನೇ ಕಿತ್ಕೊಳ್ತದೆ. ಅದೂ ಒಂದೆರಡು ವರ್ಷ ಅಲ್ಲ, ಹತ್ತಾರು ವರ್ಷ ಬದುಕ್ತದೆ.

ಬೇಕೇ ಬೇಕು ಅನ್ನುವವರು ಮರಿ ತಾನೇ ತಿನ್ನೂದನ್ನು ಎದುರು ನಿಂತು ನೋಡಿ, ಮಾರುವವನ ಹೆಸರಿನ ಸರ್ಟಿಫಿಕೇಟ್ ಮೊದಲು ಕೇಳಿ. ನಾಳೆ ಕಳಿಸ್ತೇನೆ ಅಂದ್ರೆ ಬ್ಲಾಕ್ ಮಾಡಿ. ಈ ಜನ ಈಗ ನಂಬರ್ ಬದಲಿಸಿದ್ದಾನೆ, ಫೋಟೋ ಮಾತ್ರ ಅದೇ, ಹಸಿರು ಟವೆಲ್ ಮೇಲೆ ಕೂತ ಮರಿ.