ಸ್ರೆಬ್ರೆನಿತ್ಸಾ ಸ್ಮಾರಕ ಕೇಂದ್ರ, ಪೊತೊಚಾರಿ: ಅರ್ಧ ದಿನ ಸಾಲದು

ಬೋಸ್ನಿಯಾದ ಸರಾಯೆವೊದಿಂದ ಕಾರಿನಲ್ಲಿ ಸುಮಾರು ಮೂರು ತಾಸು ದೂರದಲ್ಲಿರುವ ಈ ಕೇಂದ್ರದಲ್ಲಿ, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ಸೋತ ಕಥೆಯನ್ನು ಆ ಪಡೆಯ ಡಚ್ ತುಕಡಿ ಬೀಡುಬಿಟ್ಟಿದ್ದ ಹಳೆಯ ಬ್ಯಾಟರಿ ಕಾರ್ಖಾನೆಯೊಳಗೇ ಹೇಳಲಾಗಿದೆ. ಸೈನಿಕರು ಗೋಡೆಗಳ ಮೇಲೆ ಗೀಚಿದ್ದನ್ನು, ಸ್ಥಳೀಯ ಹೆಂಗಸರನ್ನು ಹೀಯಾಳಿಸಿದ ಸಾಲುಗಳನ್ನು ಕೂಡ, ಅಳಿಸದೆ ಉಳಿಸಿದ್ದಾರೆ. ಒಂದು ಕಡೆ ಯುಎನ್ ಎಂಬುದನ್ನು ‘ಯುನೈಟೆಡ್ ನಥಿಂಗ್’ ಎಂದು ಬಿಡಿಸಿ ಬರೆಯಲಾಗಿದೆ.

ಬೋಸ್ನಿಯಾ ಯುದ್ಧದ ನಡುವೆ ಭದ್ರತಾ ಮಂಡಳಿಯು 1993ರ ಏಪ್ರಿಲ್‌ನಲ್ಲಿ 819ನೇ ನಿರ್ಣಯದ ಮೂಲಕ ಸ್ರೆಬ್ರೆನಿತ್ಸಾ ಪಟ್ಟಣವನ್ನು ‘ಸುರಕ್ಷಿತ ಪ್ರದೇಶ’ವೆಂದು ಘೋಷಿಸಿತಾದರೂ, ಕಾಯಲು ಕೊನೆಗೆ ಉಳಿದಿದ್ದವರು ಹಗುರ ಶಸ್ತ್ರಗಳ ಕೆಲವೇ ನೂರು ಸೈನಿಕರು. (ವಿಶ್ವಸಂಸ್ಥೆಯ ಈ ಶಾಂತಿಪಾಲನಾ ಪಡೆಯ ಮೊದಲ ದಂಡನಾಯಕ ನಮ್ಮ ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಸತೀಶ್ ನಂಬಿಯಾರ್, ಘೋಷಣೆಗೆ ಮುನ್ನವೇ ಅವರ ಅವಧಿ ಮುಗಿದಿತ್ತು.) ವಾಯುದಾಳಿಯ ಕೋರಿಕೆಗಳು ಅಧಿಕಾರಿಗಳ ಮೇಜಿನಿಂದ ಮೇಜಿಗೆ ಅಲೆದು, 1995ರ ಜುಲೈ 11ರ ಮಧ್ಯಾಹ್ನ ಎರಡು ಎಫ್-16 ವಿಮಾನಗಳು ಬಾಂಬು ಹಾಕುವ ಹೊತ್ತಿಗೆ ಊರು ಕೈತಪ್ಪಿತ್ತು, ಒತ್ತೆಯಾಳಾಗಿದ್ದ ಡಚ್ಚರನ್ನು ಕೊಲ್ಲುವುದಾಗಿ ಊರನ್ನು ಮುತ್ತಿದ್ದ ಬೋಸ್ನಿಯಾದ ಸರ್ಬ್ ಪಡೆ ಬೆದರಿಸಿದೊಡನೆ ಆ ದಾಳಿಯೂ ನಿಂತಿತು. ಮುಂದಿನ ದಿನಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಬೋಸ್ನಿಯಾಕ್ (ಬೋಸ್ನಿಯಾದ ಮುಸ್ಲಿಂ) ಗಂಡಸರು ಮತ್ತು ಹುಡುಗರು ಆ ಸರ್ಬ್ ಪಡೆಯ ಕೈಯಲ್ಲಿ ಕೊಲೆಯಾದರು.

ನನ್ನನ್ನು ಬಹಳ ಹೊತ್ತು ನಿಲ್ಲಿಸಿದ್ದು ಏನನ್ನೂ ತುಂಬದೆ ಬಿಟ್ಟಿರುವ ಕಾರ್ಖಾನೆಯ ವಿಶಾಲ ಅಂಗಳ. ಬೀಡಿನೊಳಗೆ ಆಶ್ರಯ ಪಡೆದಿದ್ದ ಸುಮಾರು ಐದು ಸಾವಿರ ಜನರನ್ನು ಜುಲೈ 13ರಂದು ಹೊರಕಳಿಸಿದಾಗ, ಅವರಲ್ಲಿದ್ದ ಸುಮಾರು 350 ಗಂಡಸರು ಗೇಟು ದಾಟಿ ನೇರವಾಗಿ ಕೊಲೆಗಡುಕರ ಕೈಗೆ ಸಿಕ್ಕರು. ಒಳಗೇ ಉಳಿಸಿಕೊಂಡಿದ್ದರೆ ಅವರು ಬದುಕುವ ಸಂಭವ ಶೇ. 10ರಷ್ಟಿತ್ತೆಂದು ಲೆಕ್ಕ ಹಾಕಿ, ನೆದರ್ಲೆಂಡ್ಸ್‌ನ ಸುಪ್ರೀಂ ಕೋರ್ಟ್ 2019ರಲ್ಲಿ ಸರ್ಕಾರದ ಹೊಣೆಯನ್ನೂ ಅಷ್ಟಕ್ಕೇ ಸೀಮಿತಗೊಳಿಸಿತು. ಆ ಗೇಟಿನ ಮುಂದೆ ನಿಂತಾಗ ಆ ಶೇಕಡಾವಾರು ಲೆಕ್ಕ ನನಗೆ ಅಸಹ್ಯವೆನಿಸಿತು.

ವಿವರಣೆ ಅಚ್ಚುಕಟ್ಟಾಗಿದೆ, ಎಲ್ಲಿಯೂ ಕಣ್ಣೀರಿಗೆ ಒತ್ತಾಯಿಸುವುದಿಲ್ಲ. ಕೊರತೆಯಿದ್ದದ್ದು ನಾನು ಹಿಡಿದ ಪ್ರವಾಸಿ ಏಜೆನ್ಸಿಯಲ್ಲಿ: ಎರಡು ತಾಸಿನಲ್ಲಿ ಎಲ್ಲವನ್ನೂ ಮುಗಿಸಲು ಅವಸರಪಡಿಸಿದ್ದರಿಂದ, ರಸ್ತೆಯಾಚೆಗಿನ ಸ್ಮಶಾನಕ್ಕೆ ಉಳಿದದ್ದು ಹದಿನೈದೇ ನಿಮಿಷ. ಅಲ್ಲಿನ ಬಿಳಿ ಕಲ್ಲುಗಳಲ್ಲಿ ಹುಟ್ಟಿದ ವರ್ಷ ಮಾತ್ರ ಬೇರೆ ಬೇರೆ. ಸತ್ತ ವರ್ಷ ಒಂದೇ, 1995. ಆದ್ದರಿಂದ ಸ್ವಂತ ವಾಹನ ಮಾಡಿಕೊಂಡು ಹೋಗುವುದು ಒಳ್ಳೆಯದು. ಹೊಸದಾಗಿ ಗುರುತು ಸಿಕ್ಕ ಅವಶೇಷಗಳನ್ನು ಪ್ರತಿ ಜುಲೈ 11ರಂದು ಮಣ್ಣು ಮಾಡುವುದರಿಂದ, ಬರಿಯ ನೋಡುಗರು ಆ ದಿನವನ್ನು ಅವರ ಮನೆಯವರಿಗೆ ಬಿಟ್ಟುಕೊಡಬೇಕು.