ಬಟನ್ನೋ, ಸ್ವೈಪೋ: ಫೋನಿನಲ್ಲಿ ಹಿಂದಕ್ಕೆ ಮರಳುವ ದಾರಿಗಳ ಹೋಲಿಕೆ

ಹೊಸ ಫೋನ್ ಕೊಳ್ಳುವಾಗ ಕ್ಯಾಮೆರಾ, ಬ್ಯಾಟರಿ, ಸ್ಟೋರೇಜ್ ಎಲ್ಲವನ್ನೂ ತೂಗಿ ನೋಡುವ ನಾವು, ಒಂದು ಪುಟದಿಂದ ಹಿಂದಿನ ಪುಟಕ್ಕೆ ಮರಳುವುದು ಅದರಲ್ಲಿ ಎಷ್ಟು ಸಲೀಸು ಎಂದು ವಿಚಾರಿಸುವುದೇ ಇಲ್ಲ. ನನ್ನ ಬಳಕೆಯಲ್ಲಂತೂ ಹೋಮ್‌ಗಿಂತಲೂ, ಈಚೆಗೆ ತೆರೆದ ಆ್ಯಪ್‌ಗಳನ್ನು ತೋರಿಸುವ ರೀಸೆಂಟ್ಸ್‌ಗಿಂತಲೂ ಹೆಚ್ಚು ಬೇಕಾಗುವುದು ಬ್ಯಾಕ್. ಆದ್ದರಿಂದ ಆಂಡ್ರಾಯ್ಡ್‌ನ ಮೂರು ಬಟನ್‌ಗಳು, ಅದರದೇ ಸ್ವೈಪ್ ವ್ಯವಸ್ಥೆ ಮತ್ತು ಐಫೋನಿನ ಸ್ವೈಪ್, ಈ ಮೂರನ್ನೂ ಸಾಕಷ್ಟು ಕಾಲ ಬಳಸಿದ ಮೇಲೆ ಬರೆಯುತ್ತಿರುವ ಈ ಹೋಲಿಕೆಯಲ್ಲಿ ಬ್ಯಾಕ್ ಅನ್ನೇ ಮುಖ್ಯ ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ.

ಪರದೆಯ ಕೆಳಗೆ ಸಾಲಾಗಿ ಕೂರುವ ಮೂರು ಬಟನ್‌ಗಳು 2011ರ ಆಂಡ್ರಾಯ್ಡ್ 4.0 ಆವೃತ್ತಿಯಿಂದ ಫೋನುಗಳಲ್ಲಿ ಕಾಣಿಸಿಕೊಂಡವು. ಇವುಗಳ ದೊಡ್ಡ ಗುಣವೆಂದರೆ ಕಣ್ಣಿಗೆ ಕಾಣುವುದು; ಏನನ್ನೂ ಕಲಿಯದೆ, ಏನನ್ನೂ ನೆನಪಿಡದೆ ಒತ್ತಬಹುದು. ಕೀಬೋರ್ಡ್ ತೆರೆದಿರುವಾಗ ಎಡಕ್ಕೆ ಮುಖಮಾಡಿದ್ದ ಬ್ಯಾಕ್ ಗುರುತು ಕೆಳಮುಖವಾಗಿ ತಿರುಗುತ್ತದೆ. ಈಗ ಒತ್ತಿದರೆ ಪುಟ ಬಿಟ್ಟು ಹೋಗುವುದಿಲ್ಲ, ಕೀಬೋರ್ಡ್ ಮಾತ್ರ ಇಳಿಯುತ್ತದೆ ಎಂಬುದನ್ನು ಅದು ಮೊದಲೇ ಹೇಳಿಬಿಡುತ್ತದೆ. ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಸ್ಪಷ್ಟವಾದ ಸೂಚನೆ ಉಳಿದೆರಡು ವ್ಯವಸ್ಥೆಗಳಲ್ಲಿ ನನಗೆ ಸಿಗಲಿಲ್ಲ. ತೊಂದರೆ ಶುರುವಾಗುವುದು ಫೋನಿನ ಗಾತ್ರದಿಂದ. 6.7 ಇಂಚಿನ ಪರದೆಯ ಫೋನನ್ನು ಬಲಗೈಯೊಂದರಲ್ಲೇ ಹಿಡಿದಾಗ ಎಡಗಡೆಯ ಕೆಳಮೂಲೆಯ ಬಟನ್ನಿಗೆ ಹೆಬ್ಬೆರಳು ಚಾಚುವುದು ಕಷ್ಟ, ಚಾಚಿದರೆ ಹಿಡಿತ ಸಡಿಲವಾಗುತ್ತದೆ. ಸ್ಯಾಮ್‌ಸಂಗ್ ಫೋನುಗಳಲ್ಲಿ ಬ್ಯಾಕ್ ಬಟನ್ ಮೊದಲಿನಿಂದಲೂ ಬಲಕ್ಕಿದ್ದು, ಬೇಕಾದರೆ ಸೆಟ್ಟಿಂಗ್ಸ್‌ನಲ್ಲಿ ಎಡಕ್ಕೆ ಬದಲಿಸಿಕೊಳ್ಳಬಹುದು. ಗೂಗಲ್‌ನ ಪಿಕ್ಸೆಲ್‌ನಲ್ಲಿ ಅದು ಎಡಕ್ಕಿರುತ್ತದೆ. ಒಂದರಿಂದ ಇನ್ನೊಂದಕ್ಕೆ ಬದಲಾದವರ ಬೆರಳು ಕೆಲಕಾಲ ತಪ್ಪು ಮೂಲೆಗೇ ಹೋಗುತ್ತಿರುತ್ತದೆ.

ನಡುವೆ 2018ರಲ್ಲಿ ಆಂಡ್ರಾಯ್ಡ್ 9 ಒಂದು ಗುಳಿಗೆಯಾಕಾರದ ಹೋಮ್ ಬಟನ್ನನ್ನೂ ಅದರ ಪಕ್ಕಕ್ಕೆ ಬೇಕಾದಾಗ ಮಾತ್ರ ಮೂಡುವ ಬ್ಯಾಕ್ ಗುರುತನ್ನೂ ತಂದಿತು. ಜಾಗವೂ ಉಳಿಯದ, ಸ್ವೈಪಿನ ಸುಖವೂ ಸಿಗದ ಆ ಏರ್ಪಾಡಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ.

2019ರ ಆಂಡ್ರಾಯ್ಡ್ 10ರಲ್ಲಿ ಬಂದ ಪೂರ್ಣ ಸ್ವೈಪ್ ವ್ಯವಸ್ಥೆಯಲ್ಲಿ ಪರದೆಯ ಎಡ ಅಥವಾ ಬಲ, ಯಾವ ಅಂಚಿನಿಂದ ಒಳಕ್ಕೆ ಎಳೆದರೂ ಹಿಂದಕ್ಕೆ ಹೋಗಬಹುದು. ಹೆಬ್ಬೆರಳು ಯಾವ ಎತ್ತರದಲ್ಲಿದೆಯೋ ಅಲ್ಲಿಂದಲೇ ಎಳೆಯಬಹುದಾದ್ದರಿಂದ ಫೋನ್ ಎಷ್ಟು ಉದ್ದವಿದ್ದರೂ ಕೈ ಜಾರಿಸಬೇಕಾಗಿಲ್ಲ, ಯಾವ ಕೈಯಲ್ಲಿ ಹಿಡಿದಿದ್ದೀರಿ ಎಂಬುದೂ ಮುಖ್ಯವಲ್ಲ. ಒಗ್ಗಿಹೋದ ಮೇಲೆ ಬಟನ್ನಿಗೆ ಮರಳುವುದು ಬೇಸರದ ಕೆಲಸವೆನಿಸುವುದು ಈ ಒಂದು ಗುಣದಿಂದಲೇ. ಆದರೆ ಅಂಚು ಎಂಬುದು ಖಾಲಿ ಬಿದ್ದ ಜಾಗವಲ್ಲ. ಅನೇಕ ಆ್ಯಪ್‌ಗಳ ಪಕ್ಕದ ಮೆನು ಅಲ್ಲಿಂದಲೇ ಹೊರಬರಬೇಕು, ಕೆಲವು ಸ್ಲೈಡರ್‌ಗಳು ಅಲ್ಲಿಯವರೆಗೂ ಹರಡಿರುತ್ತವೆ. ಫೋಟೊ ಕ್ರಾಪ್ ಮಾಡಲು ಚೌಕಟ್ಟಿನ ಮೂಲೆಯನ್ನು ಹಿಡಿದು ಒಳಕ್ಕೆ ಎಳೆದರೆ ಚೌಕಟ್ಟು ಇದ್ದಲ್ಲೇ ಇದ್ದು, ಫೋಟೊದಿಂದಲೇ ಹೊರಗೆ ಬಂದುಬಿಡುವ ಅನುಭವ ನನಗೆ ಪದೇಪದೇ ಆಗಿದೆ. ಒಮ್ಮೆ ಉದ್ದನೆಯ ಅರ್ಜಿಯೊಂದನ್ನು ತುಂಬುತ್ತಿದ್ದಾಗ ಅಂಗೈ ಅಂಚಿಗೆ ತಗುಲಿ, ಬರೆದದ್ದೆಲ್ಲವೂ ಹೋಯಿತು. ಆ್ಯಪ್ ತಯಾರಕರು ಅಂಚಿನ ಒಂದಷ್ಟು ಭಾಗವನ್ನು ತಮ್ಮ ಬಳಕೆಗೆ ಕಾಯ್ದಿರಿಸಿಕೊಳ್ಳಲು ಆಂಡ್ರಾಯ್ಡ್ ಅವಕಾಶ ಕೊಟ್ಟಿದೆಯಾದರೂ ಅದಕ್ಕೆ ಮಿತಿ ಹಾಕಿದೆ. ಇಲ್ಲದಿದ್ದರೆ ಪ್ರತಿಯೊಂದು ಆ್ಯಪ್ ಇಡೀ ಅಂಚನ್ನು ತನ್ನದಾಗಿಸಿಕೊಂಡು ಹಿಂದಕ್ಕೆ ಹೋಗುವ ದಾರಿಯೇ ಮುಚ್ಚಿಹೋಗುತ್ತಿತ್ತು. ಅಂಚು ಎತ್ತರಿಸಿದ ದಪ್ಪ ಕವರ್ ಹಾಕಿದವರಿಗೆ ಇನ್ನೊಂದು ಪೇಚಾಟವಿದೆ: ಬೆರಳು ಕವರಿನ ದಂಡೆ ಹತ್ತಿ ಇಳಿಯುವಷ್ಟರಲ್ಲಿ ಅಂಚು ದಾಟಿಹೋಗಿರುತ್ತದೆ.

ಐಫೋನಿನ ಕಥೆ ಬೇರೆ. 2007ರ ಮೊದಲ ಐಫೋನಿನಲ್ಲೇ ಹೋಮ್ ಬಟನ್ ಇತ್ತು, ಆದರೆ ಎಲ್ಲ ಆ್ಯಪ್‌ಗಳಿಗೂ ಒಂದೇ ರೀತಿ ಅನ್ವಯಿಸುವ ಬ್ಯಾಕ್ ಬಟನ್ ಅಲ್ಲಿ ಎಂದೂ ಇರಲಿಲ್ಲ. 2017ರ ಐಫೋನ್ ಎಕ್ಸ್ ಹೋಮ್ ಬಟನ್ನನ್ನೂ ತೆಗೆದು ಕೆಳಗಿನಿಂದ ಮೇಲಕ್ಕೆ ಎಳೆಯುವ ಪದ್ಧತಿ ತಂದಾಗಲೂ ಹಿಂದಕ್ಕೆ ಹೋಗುವ ವಿಷಯವನ್ನು ಆಯಾ ಆ್ಯಪ್‌ಗೇ ಬಿಡಲಾಯಿತು. ಹೀಗಾಗಿ ಸಾಮಾನ್ಯವಾಗಿ ಎಡ ಅಂಚಿನಿಂದ ಎಳೆದರೆ ಸಾಕು, ಆದರೆ ಕೆಲವು ಪುಟಗಳನ್ನು ಕೆಳಕ್ಕೆ ಎಳೆಯಬೇಕು, ಇನ್ನು ಕೆಲವಕ್ಕೆ ಮೇಲಿನ ಮೂಲೆಯ ಗುರುತನ್ನು ಹುಡುಕಿ ಒತ್ತಬೇಕು. ಆ ಮೇಲಿನ ಮೂಲೆ, ಒಂದು ಕೈಯಲ್ಲಿ ಹಿಡಿದವನಿಗೆ, ಇಡೀ ಪರದೆಯಲ್ಲೇ ಅತಿ ದೂರದ ಜಾಗ. ಇಷ್ಟಾದರೂ ಒಂದು ವಿಷಯದಲ್ಲಿ ಐಫೋನಿಗೇ ಹೆಚ್ಚು ಅಂಕ ಕೊಡುತ್ತೇನೆ. ಎಡ ಅಂಚಿನಿಂದ ಎಳೆಯುವಾಗ ಪುಟವು ಬೆರಳಿನ ಜೊತೆಗೇ ಸರಿಯುತ್ತದೆ, ಹಿಂದಿನ ಪುಟ ಅರ್ಧ ಕಾಣಿಸಿಕೊಳ್ಳುತ್ತದೆ, ಅದು ಬೇಡವೆನಿಸಿದರೆ ಬೆರಳನ್ನು ವಾಪಸ್ ತಂದು ಇದ್ದಲ್ಲೇ ಇರಬಹುದು. ಎಲ್ಲಿಗೆ ಹೋಗುತ್ತೇನೆಂದು ತಿಳಿಯದೆ ಎಳೆಯುವ ಅಳುಕು ಅಲ್ಲಿಲ್ಲ. ಆಂಡ್ರಾಯ್ಡ್‌ನ ಈಚಿನ ಆವೃತ್ತಿಗಳೂ ಹಿಂದಿನ ಪುಟವನ್ನು ಇಣುಕಿ ತೋರಿಸುತ್ತವೆಯಾದರೂ, ಆ್ಯಪ್ ಅದಕ್ಕೆ ಸಿದ್ಧವಾಗಿದ್ದರೆ ಮಾತ್ರ.

ಮೊದಲ ಬಾರಿ ಸ್ಮಾರ್ಟ್‌ಫೋನ್ ಹಿಡಿಯುವವರಿಗೆ, ಕೈ ನಡುಗುವ ಹಿರಿಯರಿಗೆ ನಾನು ಎರಡನೆಯ ಯೋಚನೆಯಿಲ್ಲದೆ ಮೂರು ಬಟನ್‌ಗಳನ್ನೇ ಹಾಕಿಕೊಡುತ್ತೇನೆ. ಅಂಚಿನಿಂದ ಎಳೆಯಬೇಕೆಂದು ಪರದೆ ಎಲ್ಲೂ ಹೇಳುವುದಿಲ್ಲವಾದ್ದರಿಂದ ಅವರಿಗೆ ಅದು ಹೊಳೆಯುವ ಸಂಭವ ಕಡಿಮೆ. ದಿನವಿಡೀ ಒಂದೇ ಕೈಯಲ್ಲಿ ಫೋನ್ ಬಳಸುವವರಿಗೆ ಆಂಡ್ರಾಯ್ಡ್‌ನ ಸ್ವೈಪ್ ವಾಸಿ, ಆದರೆ ಅದನ್ನು ಇದ್ದ ಹಾಗೆಯೇ ಒಪ್ಪಿಕೊಳ್ಳಬೇಡಿ. ಪಿಕ್ಸೆಲ್‌ನಂಥ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಎಡ ಅಂಚಿಗೂ ಬಲ ಅಂಚಿಗೂ ಸೂಕ್ಷ್ಮತೆಯನ್ನು ಬೇರೆ ಬೇರೆಯಾಗಿ ಹೊಂದಿಸಬಹುದು. ನಾನು ಎಡದ್ದನ್ನು ತೀರಾ ಕಡಿಮೆ ಮಾಡಿ, ಬಲದ್ದನ್ನು ಮಧ್ಯಮದಲ್ಲಿ ಇಟ್ಟಿದ್ದೇನೆ. ಹೆಬ್ಬೆರಳು ಹೇಗೂ ಬಲಗಡೆಯೇ ಇರುತ್ತದೆ; ಎಡಗಡೆಯ ಮೆನುಗಳು ಈಗ ಕಾಟವಿಲ್ಲದೆ ತೆರೆಯುತ್ತವೆ. ಬಲಗಡೆಯ ಮೂಲೆಯಿಂದ ಫೋಟೊ ಕ್ರಾಪ್ ಮಾಡುವುದು ಮಾತ್ರ ಇನ್ನೂ ಹೆಣಗಾಟವಾಗಿಯೇ ಉಳಿದಿದೆ.