ಚೀಟಿ ಕಳೆದುಕೊಂಡ ರಾಬರ್ ಫ್ಲೈ: ಆ್ಯಪೋ, ರೆಕ್ಕೆಯೋ, ಡಿಎನ್‌ಎಯೋ?

ಅಗ್ರಿ ಕಾಲೇಜಿನಲ್ಲಿ ಓದಿದವರಿಗೆ ಕೀಟದ ಪೆಟ್ಟಿಗೆಯ ಕಥೆ ಗೊತ್ತೇ ಇರುತ್ತದೆ. ಸೀನಿಯರ್ ಹಿಡಿದ ಹುಳ ಜೂನಿಯರ್ ಪಾಲಾಗುತ್ತದೆ. ಹಳೇ ಚೀಟಿ ಕಿತ್ತು ತನ್ನ ಹೆಸರಿನದು ಚುಚ್ಚಿದರೆ ಮಾರ್ಕ್ಸ್‌ಗೆ ಮೋಸವಿಲ್ಲ. ಹೀಗೆ ಕೈ ಬದಲಾಗುತ್ತಾ ಬಂದ ಪೆಟ್ಟಿಗೆಯೊಂದು ನನಗೆ ಸಿಕ್ಕಿತು. ಒಳಗೆ ನುಸಿಗುಳಿಗೆಯ ವಾಸನೆ, ಬೇರೆ ಹುಳಗಳ ನಡುವೆ ಎರಡು ದೊಡ್ಡ ನೊಣ. ಎಲ್ಲಿ, ಯಾವಾಗ, ಯಾರು ಹಿಡಿದರು, ಒಂದೂ ಇಲ್ಲ.

ರಾಬರ್ ಫ್ಲೈ, ಅಂದರೆ ಬೇರೆ ಹುಳಗಳನ್ನು ಹಿಡಿದು ತಿನ್ನುವ ಬೇಟೆಗಾರ ನೊಣ, ಅನ್ನುವುದರಲ್ಲಿ ಅನುಮಾನವಿರಲಿಲ್ಲ. ಕಣ್ಣುಗಳ ನಡುವೆ ನೆತ್ತಿ ತಗ್ಗು, ಮುಖದಲ್ಲಿ ಪೊದೆ ಮೀಸೆ. ಆದರೆ ಈ ಕುಟುಂಬದಲ್ಲಿ 7,000ಕ್ಕೂ ಹೆಚ್ಚು ಪ್ರಭೇದಗಳಿವೆ.

ಮೊದಲು ಫೋನಿನ ಆ್ಯಪ್. ಬೆಂಗಳೂರು ಅಂತ ಜಾಗ ಕೊಟ್ಟೆ, ಇಲ್ಲಿನದೇ ಒಂದು ಹೆಸರು ಬಂತು. ಜಾಗ ಖಾಲಿ ಬಿಟ್ಟು ಅದೇ ಫೋಟೋ ಹಾಕಿದೆ. ಬಂದದ್ದು ಪ್ರಾಕ್ಟಕ್ಯಾಂಥಸ್! ಅದು ಅಮೆರಿಕ ಖಂಡಗಳ ನೊಣ. ಅಂದರೆ ಆ್ಯಪ್ ನೊಣಕ್ಕಿಂತ ನಾನು ಹೇಳಿದ ಊರನ್ನೇ ಜಾಸ್ತಿ ನಂಬಿತ್ತು. ನನಗೇ ಗೊತ್ತಿಲ್ಲದ ಊರನ್ನು ಅದಕ್ಕೆ ಹೇಳಿಕೊಟ್ಟು, ಅದು ವಾಪಸ್ ಒಪ್ಪಿಸಿದ್ದನ್ನು ಉತ್ತರ ಅನ್ನಬಹುದೇ?

ಆಮೇಲೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಹಿಡಿದು ರೆಕ್ಕೆ ನೋಡಲು ಕೂತೆ. ಇದೇ ನನಗೆ ಒಲಿದ ದಾರಿ. ರೆಕ್ಕೆಯ ನರಗಳಿಗೆ ಊರು ಬೇಡ, ತಾರೀಖು ಬೇಡ. ನರಗಳ ನಡುವಿನ ಜಾಗಕ್ಕೆ ಕೋಶ ಅನ್ನುತ್ತಾರೆ. ಮೊದಲು ರೆಕ್ಕೆಯ ಮುಂದಿನ ಅಂಚಿನ ಹತ್ತಿರದ ಮಾರ್ಜಿನಲ್ ಕೋಶ ನೋಡಿ: ರೆಕ್ಕೆಯ ಅಂಚು ಮುಟ್ಟುವ ಮುಂಚೆಯೇ ಮುಚ್ಚಿಕೊಂಡಿದೆಯೋ, ಅಂಚಿನವರೆಗೂ ತೆರೆದಿದೆಯೋ? ನನ್ನ ಒಂದು ನೊಣದಲ್ಲಿ ಮುಚ್ಚಿತ್ತು, ಅದರ ಹಿಂದಿನ ಸಬ್‌ಮಾರ್ಜಿನಲ್ ಕೋಶಗಳೂ ಮೂರಿದ್ದವು. ಹೆಚ್ಚಿನವಕ್ಕೆ ಎರಡೇ. ಹಾಗಾಗಿ ಪ್ರೊಮ್ಯಾಕಸ್ ಕುಲ. ಇನ್ನೊಂದರಲ್ಲಿ ತೆರೆದಿತ್ತು. ಅದರ ಗಾತ್ರ, ಮೈಕಟ್ಟು ಎಲ್ಲಾ ಸೇರಿಸಿದರೆ ಮೈಕ್ರೊಸ್ಟೈಲಮ್.

ಲೆನ್ಸ್ ಕೈಯಲ್ಲಿತ್ತಲ್ಲ, ಸುಮ್ನೆ ಪಕ್ಕದ ಸಾಲಿನ ಬಡಗಿ ದುಂಬಿಗಳನ್ನೂ ನೋಡಿದೆ. ಒಂದಕ್ಕೆ ಎರಡೇ ರೆಕ್ಕೆ! ದುಂಬಿಗೆ ನಾಲ್ಕಿರಬೇಕು. ಅದು ಹೈಪರೆಕಿಯಾ, ಬಡಗಿ ದುಂಬಿಯ ವೇಷ ಹಾಕಿದ ರಾಬರ್ ಫ್ಲೈ. ಎಷ್ಟು ಜನ ಮೇಷ್ಟ್ರು ಅದನ್ನು ದುಂಬಿ ಅಂತಲೇ ನೋಡಿ ಸಹಿ ಹಾಕಿದ್ದರೋ.

ಒಂದು ಎಚ್ಚರಿಕೆ. ಹೀಗೆ 'ಇದೋ, ಅದೋ' ಅಂತ ಒಂದೊಂದೇ ಲಕ್ಷಣ ಕೇಳುತ್ತಾ ಹೆಸರಿಗೆ ತಲುಪಿಸುವ ಪಟ್ಟಿಗೆ ಕೀ ಅನ್ನುತ್ತಾರೆ. ಈ ಕೀಗಳು ಪ್ರದೇಶಕ್ಕೊಂದು ಇರುತ್ತವೆ. ಅಮೆರಿಕದ ಕೀಯಲ್ಲಿ ಭಾರತದ ನೊಣ ಇಟ್ಟರೂ ಕೊನೆಗೆ ಏನೋ ಒಂದು ಹೆಸರು ಬಂದೇ ಬರುತ್ತದೆ. 'ಗೊತ್ತಿಲ್ಲ' ಅನ್ನುವುದು ಕೀಗೆ ಬರುವುದಿಲ್ಲ.

ಪ್ರಭೇದ ಬೇಕೆಂದರೆ ಗಂಡಿನ ಜನನಾಂಗ ನೋಡಬೇಕು. ಒಣಗಿದ ನೊಣವನ್ನು ಒದ್ದೆ ಮರಳಿನ ಡಬ್ಬಿಯಲ್ಲಿಟ್ಟು ಮೆತ್ತಗಾಗಿಸಿದೆ. ಹೊಟ್ಟೆಯ ತುದಿ ಕತ್ತರಿಸಿ, 10% ಪೊಟ್ಯಾಷಿಯಂ ಹೈಡ್ರಾಕ್ಸೈಡ್‌ನಲ್ಲಿ ಬಿಸಿ ಮಾಡಿ, ತೊಳೆದು ಗ್ಲಿಸರಿನ್‌ಗೆ ಹಾಕಿದೆ. ಪ್ರೊಮ್ಯಾಕಸ್ ಗಂಡು, ಕೆಲಸ ನಡೆಯಿತು. ಆದರೆ ಹೋಲಿಸಲು ಚಿತ್ರ ಬೇಕಲ್ಲ? ಸಿಕ್ಕ ಕೆಲವೇ ಚಿತ್ರಗಳಿಗೆ ಅದು ಹೊಂದಲಿಲ್ಲ. ಮೈಕ್ರೊಸ್ಟೈಲಮ್ ಹೆಣ್ಣು, ಅದನ್ನು ಕತ್ತರಿಸಲು ಮನಸ್ಸಾಗಲಿಲ್ಲ.

ಡಿಎನ್‌ಎಗೆ ಒಂದು ಕಾಲು ಬಲಿ ಕೊಟ್ಟೆ. ಬಾರ್‌ಕೋಡ್‌ಗೆ, ಅಂದರೆ ಪ್ರಭೇದ ಗುರುತಿಸಲು ಓದುವ ಡಿಎನ್‌ಎ ಭಾಗಕ್ಕೆ, ಬೇಕಾದ ತುಂಡು ಸುಮಾರು 650 ಡಿಎನ್‌ಎ ಅಕ್ಷರಗಳಷ್ಟು ಉದ್ದ. ಹಳೇ ಒಣ ಹುಳದಲ್ಲಿ ಅದು ಚೂರುಚೂರಾಗಿರುತ್ತದೆ. ಏನೂ ಬರಲಿಲ್ಲ. ಕಾಲೂ ಹೋಯಿತು, ದುಡ್ಡೂ ಹೋಯಿತು.

ಪೆಟ್ಟಿಗೆಯಲ್ಲಿ ನೊಣಗಳ ಪಕ್ಕದಲ್ಲೇ ಕಾಫಿಯ ಬಿಳಿ ಕಾಂಡಕೊರಕ ಇತ್ತು. ಹಾಗಾದರೆ ಕೊಡಗೋ, ಚಿಕ್ಕಮಗಳೂರೋ? ಆಸೆಯಾಯಿತು ನಿಜ. ಆದರೆ ಕಾಂಡಕೊರಕ ಪಾಠದ ಹುಳ, ಯಾರ ಪೆಟ್ಟಿಗೆಯಲ್ಲಿ ಬೇಕಾದರೂ ಇರುತ್ತದೆ.

ಹೊಸ ಚೀಟಿಯಲ್ಲಿ ಪೆನ್ಸಿಲ್‌ನಿಂದ ಬರೆದೆ: 'ಪ್ರೊಮ್ಯಾಕಸ್, ಗಂಡು, ಪ್ರಭೇದ ತಿಳಿಯದು, ಊರು ತಿಳಿಯದು.' ಕೆಳಗೆ ಗುರುತಿಸಿದ ವರ್ಷ. ಕತ್ತರಿಸಿದ ತುದಿಯನ್ನು ಪುಟ್ಟ ಸೀಸೆಯಲ್ಲಿ ಹಾಕಿ ಅದೇ ಪಿನ್ನಿಗೆ ಚುಚ್ಚಿದೆ.